ಸಾಲಗಾರನನ್ನು ಬಲ್ಲ ಬ್ಯಾಂಕು: ಟಿ.ಎ. ಪೈ ಅವರ ವೃತ್ತಿಜೀವನ ಮತ್ತು ಇಂದಿನ ಸಣ್ಣ ಉದ್ದಿಮೆದಾರ

ಮಕರ ಸಂಕ್ರಾಂತಿಯಂದು ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಶ್ರೀ ಗಂಗಾಧರೇಶ್ವರಸ್ವಾಮಿಯ ಕಲ್ಯಾಣೋತ್ಸವ ಜರುಗುತ್ತದೆ. ಅಲ್ಲಿಂದ ಮಹಾಶಿವರಾತ್ರಿಯವರೆಗೆ ಬೆಟ್ಟದ ಬುಡದ ಹೂವು, ಹಣ್ಣು-ಕಾಯಿ, ಪುರಿ-ಖಾರ, ಆಟಿಕೆಗಳ ವರ್ತಕರಿಗೆ ಸುಗ್ಗಿಯ ಕಾಲ. ಈ ಸುಗ್ಗಿಗೆ ಬೇಕಾದ ಸರಕನ್ನು ಧನುರ್ಮಾಸದಲ್ಲಿಯೇ ಖರೀದಿಸಿ ದಾಸ್ತಾನು ಮಾಡಬೇಕು. ಮಳೆಗಾಲ ಬಂದಿತೆಂದರೆ ಗಿರಾಕಿಗಳ ಸಂಖ್ಯೆ ತಾನಾಗಿ ಇಳಿಯುತ್ತದೆ. ಅಂದರೆ ಈ ವ್ಯಾಪಾರಕ್ಕೆ ತನ್ನದೇ ಆದ ಒಂದು ಪಂಚಾಂಗವಿದೆ. ಅಲ್ಲಿಂದ ಕೆಲವೇ ಮೈಲಿ ದೂರದ ದಾಬಸ್‌ಪೇಟೆ ಮತ್ತು ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ತಯಾರಿಸಿಕೊಡುವ ಸಣ್ಣ ಘಟಕದ ಪಂಚಾಂಗ ಬೇರೆ. ಅದು ಸರಕು ಒಪ್ಪಿಸಿದ ದಿನಕ್ಕೂ ಬಿಲ್ಲಿನ ಹಣ ಕೈಸೇರುವ ದಿನಕ್ಕೂ ನಡುವಣ ಅಂತರವನ್ನು ಅವಲಂಬಿಸಿದೆ. 2006ರ ಕಾಯಿದೆ ಈ ಅಂತರ 45 ದಿನಗಳನ್ನು ಮೀರಬಾರದೆಂದು ವಿಧಿಸಿದ್ದರೂ, ಕಾಯಿದೆಯ ಪುಸ್ತಕವನ್ನು ತೋರಿಸಿ ದೊಡ್ಡ ಗಿರಾಕಿಯಿಂದ ಹಣ ವಸೂಲು ಮಾಡಿ, ಆ ನಂತರವೂ ಅದೇ ಗಿರಾಕಿಯನ್ನು ಉಳಿಸಿಕೊಳ್ಳಬಲ್ಲ ಸಣ್ಣ ಉದ್ದಿಮೆದಾರ ವಿರಳ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮಾಲೀಕನದು ನೂಲಿನ ಬೆಲೆ ಮತ್ತು ಸೀರೆಯ ಬೇಡಿಕೆ ನಿರ್ಧರಿಸುವ ಮತ್ತೊಂದು ಪಂಚಾಂಗ.

ಈ ಮೂವರೂ ಸಾಲ ತೀರಿಸಬಲ್ಲವರು. ಆದರೆ ಬ್ಯಾಂಕಿನ ಅರ್ಜಿ ನಮೂನೆಯಲ್ಲಿ ಪಂಚಾಂಗಕ್ಕೆ ಅಂಕಣವಿಲ್ಲ. ಅರ್ಜಿಯು ಶಾಖೆಯಿಂದ ದೂರದ ಸಾಲ ಸಂಸ್ಕರಣಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಪರಿಶೀಲಿಸುವ ಅಧಿಕಾರಿ ಅರ್ಜಿದಾರನ ಅಂಗಡಿಯನ್ನಾಗಲಿ ಮಗ್ಗವನ್ನಾಗಲಿ ಕಂಡವರಲ್ಲ. ಏರಿಳಿತದ ಜಮೆ-ಖರ್ಚು ಅವರ ಕಣ್ಣಿಗೆ ಅಸ್ಥಿರ ಆದಾಯವಾಗಿ ಕಾಣುತ್ತದೆ. ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ: ಅಡಮಾನಕ್ಕೆ ಏನಿದೆ?

ಇದೇ ಪ್ರಶ್ನೆಯನ್ನು ಬದಿಗಿರಿಸಿ, ಸಾಲಗಾರನ ಕಸುಬನ್ನು ಓದಲು ಕಲಿತ ಬ್ಯಾಂಕೊಂದನ್ನು ಮುನ್ನಡೆಸಿದವರು ನಮ್ಮ ನಾಡಿನವರೇ ಆದ ತೋನ್ಸೆ ಅನಂತ ಪೈ. ಟಿ.ಎ. ಪೈ ಎಂದರೆ ಇಂದಿನ ತರುಣ ಉದ್ದಿಮೆದಾರರಿಗೆ ಮಣಿಪಾಲದ ಮ್ಯಾನೇಜ್‌ಮೆಂಟ್ ಸಂಸ್ಥೆಯ ಹೆಸರು ಮಾತ್ರ ನೆನಪಾಗಬಹುದು. ಹಿರಿಯರಿಗೆ ಕೇಂದ್ರದ ಮಂತ್ರಿ ನೆನಪಾದಾರು. ವಾಸ್ತವದಲ್ಲಿ ವರ್ತಕರು ನೆನೆಯಬೇಕಾದುದು ಅವರೊಳಗಿನ ಬ್ಯಾಂಕರನ್ನು.

1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪನೆಯಾದಾಗ ಅದರ ಬಂಡವಾಳ ಕೇವಲ 8,000 ರೂಪಾಯಿ. ಸ್ಥಾಪಕರು ಉದ್ಯಮಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಮತ್ತು ವೈದ್ಯರಾದ ಡಾ. ಟಿ.ಎಂ.ಎ. ಪೈ. ಕೈಮಗ್ಗದ ಉದ್ಯಮ ಬಿಕ್ಕಟ್ಟಿಗೆ ಸಿಲುಕಿ ಸ್ಥಳೀಯ ನೇಕಾರರು ಕಂಗೆಟ್ಟಿದ್ದ ಕಾಲವದು. ಅವರಿಗೆ ನೆರವಾಗುವುದೇ ಸಂಸ್ಥೆಯ ಮೂಲ ಉದ್ದೇಶವಾಗಿತ್ತು. ದಕ್ಷಿಣ ಕನ್ನಡ ಅದಾಗಲೇ ಬ್ಯಾಂಕುಗಳ ತವರೆನಿಸತೊಡಗಿತ್ತು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಪೂರ್ವರೂಪಗಳೂ 1924ರಲ್ಲಿ ಕರ್ಣಾಟಕ ಬ್ಯಾಂಕೂ ಹುಟ್ಟಿದ್ದವು. 1931ರಲ್ಲಿ ವಿಜಯಾ ಬ್ಯಾಂಕು ಇವುಗಳ ಸಾಲಿಗೆ ಸೇರಿತು. ಈ ಸೋದರ ಸಂಸ್ಥೆಗಳ ನಡುವೆ ಸಿಂಡಿಕೇಟನ್ನು ಪ್ರತ್ಯೇಕವಾಗಿ ನಿಲ್ಲಿಸಿದುದು 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ. ದಿನವೊಂದಕ್ಕೆ ಎರಡಾಣೆ, ಗಿರಾಕಿ ಬ್ಯಾಂಕಿಗೆ ಬರಬೇಕಿಲ್ಲ, ಬ್ಯಾಂಕಿನ ಏಜೆಂಟನೇ ಅವನ ಬಾಗಿಲಿಗೆ ಬರುತ್ತಾನೆ. ಎರಡಾಣೆಯಂತೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ಒಂದು ದಿನವೂ ತಪ್ಪದಿದ್ದರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಅಂದಿನ ನೇಕಾರನಿಗೂ ಬೀದಿಬದಿಯ ವ್ಯಾಪಾರಿಗೂ ಇದು ಅಲ್ಪ ಮೊತ್ತವಾಗಿರಲಿಲ್ಲ.

ಪಿಗ್ಮಿಯ ಕರ್ತೃತ್ವವನ್ನು ಟಿ.ಎ. ಪೈ ಅವರಿಗೆ ಆರೋಪಿಸುವುದು ಸರಿಯಲ್ಲ. ಉಪೇಂದ್ರ ಪೈ ಅವರ ಪುತ್ರರಾದ ಅವರು ಜನಿಸಿದ್ದು 1922ರ ಜನವರಿ 17ರಂದು. ಪಿಗ್ಮಿ ಆರಂಭವಾದಾಗ ಆರು ವರ್ಷದ ಬಾಲಕ. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ವಾಣಿಜ್ಯ ಪದವಿ ಪಡೆದು 1940ರ ದಶಕದ ಮೊದಲ ವರ್ಷಗಳಲ್ಲಿ ಬ್ಯಾಂಕನ್ನು ಸೇರಿದ ಈ ತರುಣ ಬಹುಬೇಗ ಅದರ ಆಡಳಿತದ ಹೊಣೆ ಹೊತ್ತರು. ಹಿರಿಯರು ಕೂಡಿಸಿಟ್ಟ ಎರಡಾಣೆಗಳ ರಾಶಿಯಲ್ಲಿ ಹಣದ ಜೊತೆಗೆ ಮತ್ತೊಂದು ಸಂಪತ್ತೂ ಇದೆ ಎಂಬುದನ್ನು ಕಂಡುಕೊಂಡದ್ದೇ ಅವರ ಹೆಚ್ಚುಗಾರಿಕೆ.

ಆ ಸಂಪತ್ತು ಯಾವುದು? ದಿನವೂ ಅಂಗಡಿಗೆ ಬರುವ ಏಜೆಂಟನಿಗೆ ಅಂಗಡಿ ತೆರೆದಿದೆಯೇ, ಕಪಾಟು ತುಂಬಿದೆಯೇ, ಮಗ್ಗ ಆಡುತ್ತಿದೆಯೇ, ಮನೆಯಲ್ಲಿ ಕಾಯಿಲೆಯೇ, ಮಗಳ ಮದುವೆ ಗೊತ್ತಾಗಿದೆಯೇ ಎಂಬುದೆಲ್ಲ ತಿಳಿಯುತ್ತದೆ. ವರ್ಷಕ್ಕೆ ಮುನ್ನೂರು ಬಾರಿ ಒಬ್ಬನ ಬಾಗಿಲಿಗೆ ಹೋದವನಿಗೆ ಅವನ ವ್ಯಾಪಾರದ ಪಂಚಾಂಗವನ್ನು ಬಿಡಿಸಿ ಹೇಳಬೇಕಿಲ್ಲ. ಎರಡಾಣೆಯನ್ನು ತಪ್ಪದೆ ಕೊಟ್ಟವನು ಸಾಲದ ಕಂತನ್ನೂ ಕೊಟ್ಟಾನು. ಯಾವ ತಿಂಗಳಲ್ಲಿ ಕೊಡಲಾರ ಎಂಬುದು ಕೂಡ ಅದೇ ಪುಸ್ತಕದಲ್ಲಿ ಬರೆದಿರುತ್ತದೆ. ಠೇವಣಿ ಸಂಗ್ರಹದ ದೃಷ್ಟಿಯಿಂದ ಪಿಗ್ಮಿ ದುಬಾರಿ ವ್ಯವಸ್ಥೆ: ಏಜೆಂಟನಿಗೆ ಕಮಿಷನ್ ಕೊಡಬೇಕು, ಚಿಲ್ಲರೆ ಎಣಿಸಬೇಕು, ಸಾವಿರಾರು ಪುಟ್ಟ ಖಾತೆಗಳನ್ನು ಕೈಬರಹದಲ್ಲಿ ನಿರ್ವಹಿಸಬೇಕು. ಮಾಹಿತಿ ಸಂಗ್ರಹದ ದೃಷ್ಟಿಯಿಂದ ಅದರಷ್ಟು ಅಗ್ಗವಾದುದು ಇನ್ನೊಂದಿಲ್ಲ.

ಈ ತಿಳುವಳಿಕೆಯೇ ಶಾಖಾ ವಿಸ್ತರಣೆಯಲ್ಲಿಯೂ ಕೆಲಸ ಮಾಡಿತು. 1946ರಲ್ಲಿ ಬ್ಯಾಂಕು ಒಂದೇ ದಿನ 29 ಗ್ರಾಮೀಣ ಶಾಖೆಗಳನ್ನು ತೆರೆಯಿತು. ಹೊಸ ಶಾಖೆಗೆ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿದ ಕಾನೂನು ಬಂದದ್ದೂ ಅದೇ ವರ್ಷ ಎಂಬುದನ್ನು ಗಮನಿಸಿದರೆ, ಕರಾವಳಿಯ ಈ ಬ್ಯಾಂಕರುಗಳ ಆದರ್ಶದ ಜೊತೆಗೆ ವ್ಯವಹಾರ ಚಾತುರ್ಯವೂ ಇತ್ತೆಂದು ಊಹಿಸಲು ಅಡ್ಡಿಯಿಲ್ಲ. ನೂರನೆಯ ಶಾಖೆ 1957ರಲ್ಲಿ ತೆರೆದದ್ದು ನೇಕಾರಿಕೆಯ ಇಳಕಲ್ಲಿನಲ್ಲಿ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಕೇವಲ ಮಹಿಳಾ ಸಿಬ್ಬಂದಿಯೇ ನಡೆಸುವ ಶಾಖೆಯನ್ನು ಆರಂಭಿಸಲಾಯಿತು. ಹೆಣ್ಣುಮಕ್ಕಳು ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿರುವುದೇ ಅಪರೂಪವಾಗಿದ್ದ ದಿನಗಳವು.

ಅವರ ಅತ್ಯಂತ ಧೀರ ಹೆಜ್ಜೆ ಕೃಷಿ ಸಾಲ. 1950ರ ದಶಕದ ಆರಂಭದಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತ ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ. ಮಳೆಯನ್ನು ನಂಬಿದವನಿಗೆ ಸಾಲ ಕೊಡುವುದು ಬ್ಯಾಂಕಿನ ಕೆಲಸವೇ ಅಲ್ಲವೆಂಬುದು ಅಂದಿನ ಬ್ಯಾಂಕಿಂಗ್ ಶಾಸ್ತ್ರ. ಟಿ.ಎ. ಪೈ ಈ ಶಾಸ್ತ್ರದೊಂದಿಗೆ ವಾದಕ್ಕೆ ನಿಲ್ಲಲಿಲ್ಲ; ಬ್ಯಾಂಕಿಗೆ ಕೃಷಿ ಪದವೀಧರರನ್ನು ನೇಮಿಸಿಕೊಂಡರು. ಬಾವಿಯ ನೀರನ್ನೂ ಮಣ್ಣಿನ ಗುಣವನ್ನೂ ನೋಡಬಲ್ಲ ಅಧಿಕಾರಿ ಬರೆದ ವರದಿಯ ಮೇಲೆ ಪಂಪ್‌ಸೆಟ್ಟಿಗೆ ಸಾಲ ಕೊಡುವುದಕ್ಕೂ, ಪಹಣಿಯನ್ನು ಮಾತ್ರ ನೋಡಬಲ್ಲ ಅಧಿಕಾರಿ ಅದೇ ಸಾಲ ಕೊಡುವುದಕ್ಕೂ ಅಜಗಜಾಂತರವಿದೆ. ಇಂದು ಸೋಂಪುರದ ಯಂತ್ರಾಗಾರಕ್ಕೆ ಬಂದು ಲೇತಿನ ಸ್ಥಿತಿಯನ್ನೂ ಕೈಯಲ್ಲಿರುವ ಆರ್ಡರನ್ನೂ ಪರೀಕ್ಷಿಸಬಲ್ಲ ಇಂಜಿನಿಯರ್ ಅಧಿಕಾರಿ ಎಷ್ಟು ಶಾಖೆಗಳಲ್ಲಿದ್ದಾರೆ ಎಂದು ಕೇಳಿಕೊಂಡರೆ ಅಂದಿನ ಆ ನೇಮಕಾತಿಯ ಮಹತ್ವ ತಿಳಿದೀತು.

1964ರಲ್ಲಿ ಪ್ರಧಾನ ಕಚೇರಿ ಉಡುಪಿಯಿಂದ ಮಣಿಪಾಲಕ್ಕೆ ಸ್ಥಳಾಂತರಗೊಂಡಿತು. ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರೂ ಆ ಅವಧಿಯದೇ. ನಡುವೆ ಹೊಸದಾಗಿ ಸ್ಥಾಪಿತವಾದ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ ಹೋಗಿಬಂದ ಪೈ ಅವರು, 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ತಮ್ಮದೇ ಬ್ಯಾಂಕಿನ ಕಸ್ಟೋಡಿಯನ್ ಆಗಿ ಮುಂದುವರಿದರು. ತದನಂತರ ಜೀವ ವಿಮಾ ನಿಗಮದ ಅಧ್ಯಕ್ಷತೆ, 1972ರಲ್ಲಿ ಪದ್ಮಭೂಷಣ, ಅದೇ ವರ್ಷ ರೈಲ್ವೆ ಖಾತೆ, ಆಮೇಲೆ ಭಾರಿ ಕೈಗಾರಿಕೆ, ಉಕ್ಕು, ಕೈಗಾರಿಕಾ ಖಾತೆಗಳು. 1977ರಲ್ಲಿ ಉಡುಪಿಯಿಂದ ಲೋಕಸಭೆಗೆ ಆಯ್ಕೆಯಾದರು. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ ಮುಂದೆ ಸಾಕ್ಷ್ಯ ನುಡಿದರು. 1981ರ ಮೇ 29ರಂದು, ಅರವತ್ತು ತುಂಬುವ ಮೊದಲೇ, ನಿಧನರಾದರು. ಮಂತ್ರಿಯಾಗಿ ಅವರು ಕುಳಿತಿದ್ದು ಪರ್ಮಿಟ್-ಲೈಸೆನ್ಸುಗಳ ಆಡಳಿತದ ಉಚ್ಛ್ರಾಯ ಕಾಲದಲ್ಲಿ. ಆ ಆಡಳಿತದಿಂದ ಬವಣೆಪಟ್ಟ ಉದ್ಯಮಿಗಳು ಮಂತ್ರಿ ಪೈ ಅವರನ್ನು ಬ್ಯಾಂಕರ್ ಪೈ ಅವರಷ್ಟು ಅಭಿಮಾನದಿಂದ ನೆನೆಯದಿದ್ದರೆ ಆಶ್ಚರ್ಯವಿಲ್ಲ.

ರಾಷ್ಟ್ರೀಕರಣ ಅವರ ವಿಚಾರಕ್ಕೆ ದೊರೆತ ಮನ್ನಣೆ ಎಂದು ಹೇಳುವ ವಾಡಿಕೆಯಿದೆ. ಇದು ಅರ್ಧ ಸತ್ಯ ಮಾತ್ರ. ಸಣ್ಣವನಿಗೆ ಸಾಲ ಸಿಗಬೇಕೆಂಬ ಗುರಿಯನ್ನು ದೇಶವೇನೋ ಸ್ವೀಕರಿಸಿತು. 1969ರ ಡಿಸೆಂಬರಿನಲ್ಲಿ ಅಗ್ರಣಿ ಬ್ಯಾಂಕ್ ಯೋಜನೆ ಬಂದಿತು, 1975ರ ಅಕ್ಟೋಬರ್ 2ರಂದು ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಹುಟ್ಟಿದವು. ಅವುಗಳಲ್ಲಿ ಮೊರಾದಾಬಾದಿನ ಪ್ರಥಮಾ ಬ್ಯಾಂಕಿನ ಪ್ರಾಯೋಜಕತ್ವ ವಹಿಸಿದ್ದು ಸಿಂಡಿಕೇಟ್ ಬ್ಯಾಂಕೇ. ಆದರೆ ಗುರಿಯೊಂದಿಗೆ ದಾರಿಯನ್ನು ಸ್ವೀಕರಿಸಲಿಲ್ಲ. ಮಣಿಪಾಲದಲ್ಲಿ ಸಾಲಗಾರನ ಪರಿಚಯ ಮೊದಲು, ಸಾಲ ಆಮೇಲೆ. ದೆಹಲಿಯಲ್ಲಿ ಗುರಿಯ ಅಂಕಿ ಮೊದಲು, ಸಾಲಗಾರನ ಹುಡುಕಾಟ ಮಾರ್ಚ್ ತಿಂಗಳಲ್ಲಿ. ಎಂಬತ್ತರ ದಶಕದ ಸಾಲಮೇಳಗಳಲ್ಲಿ ವೇದಿಕೆಯ ಮೇಲಿಂದ ಸಾಲ ಹಂಚಿಕೆಯಾಯಿತು, 1990ರಲ್ಲಿ ಸಾಲಮನ್ನಾ ಆಯಿತು. ಪ್ರಾಮಾಣಿಕವಾಗಿ ಕಂತು ಕಟ್ಟಿದವನು ಪೆದ್ದನೆನಿಸಿಕೊಂಡ. ಸಣ್ಣ ಸಾಲವೆಂದರೆ ಬಾರದ ಸಾಲವೆಂಬ ಭಾವನೆ ಬ್ಯಾಂಕುಗಳ ಒಳಗೆ ಗಟ್ಟಿಗೊಂಡದ್ದು ಆಗ. ಅದರ ಶಿಕ್ಷೆಯನ್ನು ಇಂದಿಗೂ ಅನುಭವಿಸುತ್ತಿರುವವರು ಆ ಮೇಳಗಳ ಹತ್ತಿರಕ್ಕೂ ಸುಳಿಯದ ಉದ್ದಿಮೆದಾರರು.

ಇದರ ಪ್ರತಿಕ್ರಿಯೆಯಾಗಿ ಬಂದ ಮತ್ತೊಂದು ಯುಗದ ನಾಯಕರಲ್ಲಿಯೂ ಕರಾವಳಿಯವರೊಬ್ಬರಿದ್ದುದು ಕುತೂಹಲದ ಸಂಗತಿ. 1947ರಲ್ಲಿ ಮಂಗಳೂರಿನಲ್ಲಿ ಜನಿಸಿ, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್, ಅಹಮದಾಬಾದಿನಲ್ಲಿ ಮ್ಯಾನೇಜ್‌ಮೆಂಟ್ ಓದಿದ ಕೆ.ವಿ. ಕಾಮತ್ 1996ರಿಂದ 2009ರವರೆಗೆ ಐಸಿಐಸಿಐ ಸಮೂಹವನ್ನು ಮುನ್ನಡೆಸಿದರು. 2002ರಲ್ಲಿ ಮೂಲ ಸಂಸ್ಥೆಯನ್ನು ಅದರ ಬ್ಯಾಂಕಿನೊಳಗೆ ವಿಲೀನಗೊಳಿಸಿದ, ಎಟಿಎಂ ಮತ್ತು ಗಣಕಯಂತ್ರಗಳ ಬಲದಿಂದ ಚಿಲ್ಲರೆ ಬ್ಯಾಂಕಿಂಗನ್ನು ಲಕ್ಷಾಂತರ ಜನರಿಗೆ ಹರಡಿದ ಅವರ ಸಾಧನೆ ಸಾಮಾನ್ಯವಾದುದಲ್ಲ. ಸರತಿಯ ಸಾಲು ಕರಗಿತು. ಮ್ಯಾನೇಜರರ ಮರ್ಜಿ ಕಾಯುವುದು ತಪ್ಪಿತು. ವರ್ತಕರು ಇದಕ್ಕೆ ಕೃತಜ್ಞರಾಗಿರಲೇಬೇಕು. ಆದರೆ ಒಂದು ವ್ಯತ್ಯಾಸವಿದೆ. ಪೈ ಅವರ ಹೊಸತನ ಬ್ಯಾಂಕನ್ನು ಗಿರಾಕಿಯ ಬಾಗಿಲಿಗೆ ಕರೆತಂದಿತು. ಕಾಮತರ ಯುಗದ ಹೊಸತನ ಗಿರಾಕಿಯನ್ನು ಬ್ಯಾಂಕಿನ ಬಾಗಿಲಿಗೆ ಬಾರದಂತೆ ಮಾಡಿತು. ಸಂಬಳದಾರನಿಗೆ ಎರಡನೆಯದು ವರದಾನ, ಏಕೆಂದರೆ ಅವನ ಆದಾಯವನ್ನು ಯಂತ್ರ ಸುಲಭವಾಗಿ ಓದಬಲ್ಲದು. ಶಿವಗಂಗೆಯ ಅಂಗಡಿಯವನ ಆದಾಯವನ್ನು ಹಾಗೆ ಓದಲಾಗದು.

ಪರಿಚಯದ ಬ್ಯಾಂಕಿಂಗಿಗೆ ಆಕ್ಷೇಪಗಳಿಲ್ಲದೆ ಇಲ್ಲ. ಪರಿಚಯವೇ ಆಧಾರವಾದಾಗ ಪರಿಚಯವಿಲ್ಲದವನ ಗತಿಯೇನು? ಮ್ಯಾನೇಜರರ ಜಾತಿ, ಊರು, ಬಂಧುಬಳಗದ ಹೊರಗಿನವನು ಬ್ಯಾಂಕಿನ ಹೊರಗೇ ಉಳಿಯುವುದಿಲ್ಲವೇ? ಒಂದೇ ಮನೆತನದ ನೆರಳಿನಲ್ಲಿ ಬೆಳೆದ ಸಂಸ್ಥೆಯ ಬಗೆಗೆ ಈ ಪ್ರಶ್ನೆ ಕೇಳುವುದು ಅನ್ಯಾಯವಲ್ಲ. ಕ್ರೆಡಿಟ್ ಸ್ಕೋರಿನ ಅಂಕಿ ಯಾರ ಜಾತಿಯನ್ನೂ ವಿಚಾರಿಸುವುದಿಲ್ಲ ಎಂಬುದು ಅದರ ಪರವಾದ ಬಲವಾದ ಮಾತು. ಆದರೂ ಪಿಗ್ಮಿಯ ವಿಶೇಷವೇನೆಂದರೆ, ಅದು ಹಳೆಯ ಪರಿಚಯವನ್ನು ಬೇಡುತ್ತಿರಲಿಲ್ಲ. ಹೊಸ ಪರಿಚಯವನ್ನು ಎರಡೆರಡಾಣೆಯಾಗಿ ನಿರ್ಮಿಸುತ್ತಿತ್ತು. ನೆನ್ನೆ ಊರಿಗೆ ಬಂದು ಅಂಗಡಿ ತೆರೆದವನೂ ಒಂದು ವರ್ಷದಲ್ಲಿ ಬ್ಯಾಂಕಿಗೆ ಗೊತ್ತಿರುವ ಮನುಷ್ಯನಾಗುತ್ತಿದ್ದ. ಇನ್ನೊಂದು ಆಕ್ಷೇಪ ಏಜೆಂಟರ ಕುರಿತದ್ದು. ಬಿಸಿಲು-ಮಳೆಯೆನ್ನದೆ ಬೀದಿ ಸುತ್ತಿದ ಇವರು ಬಹುಕಾಲ ಕಮಿಷನ್ನಿನ ಹೊರತು ಬೇರಾವ ಹಕ್ಕೂ ಇಲ್ಲದೆ ದುಡಿದರು. ಅವರೂ ಕಾರ್ಮಿಕರೇ ಎಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2001ರಲ್ಲಿ. ಬಾಗಿಲಿಗೆ ಬಂದ ಬ್ಯಾಂಕಿನ ಲೆಕ್ಕದಲ್ಲಿ ಈ ಖರ್ಚನ್ನೂ ಬರೆಯಬೇಕು.

ಹಾಗಾದರೆ ಇಂದು ಪಿಗ್ಮಿ ಏಜೆಂಟನನ್ನು ಮತ್ತೆ ಬೀದಿಗೆ ಕಳುಹಿಸಬೇಕೇ? ಅದರ ಅಗತ್ಯವಿಲ್ಲ. 2016ರಲ್ಲಿ ಆರಂಭವಾದ ಯುಪಿಐ ಎರಡಾಣೆಯ ಪುಸ್ತಕವನ್ನು ಪ್ರತಿ ಅಂಗಡಿಯ ಗೋಡೆಗೆ ಅಂಟಿಸಿದೆ. ಬೆಟ್ಟದ ಮೆಟ್ಟಿಲ ಬಳಿ ಸೌತೆಕಾಯಿ ಮಾರುವವರ ಇಪ್ಪತ್ತು ರೂಪಾಯಿಯೂ ದಿನಾಂಕ, ಗಂಟೆ ಸಹಿತ ದಾಖಲಾಗುತ್ತಿದೆ. ಸಂಕ್ರಾಂತಿಯ ಏರು, ಆಷಾಢದ ಇಳಿ, ಎಲ್ಲವೂ ಅದರಲ್ಲಿದೆ. ಟಿ.ಎ. ಪೈ ಅವರಂಥ ಬ್ಯಾಂಕರ್ ಇಂಥ ಪುಸ್ತಕ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ವಿಪರ್ಯಾಸವೆಂದರೆ ಕರ್ನಾಟಕದ ಅನೇಕ ಸಣ್ಣ ವರ್ತಕರ ಅನುಭವದಲ್ಲಿ ಈ ಪುಸ್ತಕವನ್ನು ಮೊದಲು ತೆರೆದು ಓದಿದ್ದು ಬ್ಯಾಂಕಲ್ಲ, ತೆರಿಗೆ ಇಲಾಖೆ. ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ಜಿಎಸ್‌ಟಿ ನೋಟಿಸು ನೀಡಿದ ವಿಷಯ 2025ರ ಜುಲೈನಲ್ಲಿ ದೊಡ್ಡ ವಿವಾದವಾಯಿತು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಇಳಿದು 'ನಗದು ಮಾತ್ರ' ಎಂಬ ಚೀಟಿ ಏರಿತು. ಮುಖ್ಯಮಂತ್ರಿಗಳು ಹಳೆಯ ಬಾಕಿಯ ಬಗ್ಗೆ ಭರವಸೆ ನೀಡಿದ ಮೇಲೆ ಬಿಸಿ ತಣ್ಣಗಾಯಿತಾದರೂ ವರ್ತಕರ ಮನಸ್ಸಿನಲ್ಲಿ ಒಂದು ಪಾಠ ಉಳಿದುಬಿಟ್ಟಿತು: ದಾಖಲೆ ಎಂಬುದು ಅಪಾಯ. ವಹಿವಾಟು ಮಿತಿ ಮೀರಿದವನು ತೆರಿಗೆ ಕಟ್ಟಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ದಾಖಲೆ ಅವನಿಗೆ ಬಡ್ಡಿಯ ವ್ಯಾಪಾರಿಯಿಂದ ಬಿಡುಗಡೆಯನ್ನೂ ತಂದುಕೊಟ್ಟಿದ್ದರೆ ಆತ ಫಲಕವನ್ನು ಇಳಿಸುವ ಮುನ್ನ ಎರಡು ಬಾರಿ ಯೋಚಿಸುತ್ತಿದ್ದ.

ಯೋಜನೆಗಳಿಗೇನೂ ಬರವಿಲ್ಲ. ಸಣ್ಣ ಉದ್ದಿಮೆಗಳ ಸಾಲಕ್ಕೆ ಖಾತರಿ ನೀಡುವ ನಿಧಿ 2000ದಲ್ಲಿ ಸ್ಥಾಪಿತವಾಯಿತು. 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕು 2010ರಲ್ಲಿಯೇ ಆದೇಶಿಸಿತು. 2015ರಲ್ಲಿ ಮುದ್ರಾ ಬಂದಿತು. ನೆಲಮಂಗಲದ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆಯ ತರಬೇತಿ ಕೇಂದ್ರವಿದೆ, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ಈ ಪ್ರಯೋಗ ಮುಂದೆ ದೇಶದ ಜಿಲ್ಲೆಗಳಿಗೆಲ್ಲ ಮಾದರಿಯಾಯಿತು. ಅಲ್ಲಿ ಕಸುಬು ಕಲಿತ ಯುವಕ ಅಥವಾ ಯುವತಿ ಪ್ರಮಾಣಪತ್ರ ಹಿಡಿದು ಶಾಖೆಗೆ ಹೋದಾಗ ಎದುರಾಗುವುದು ಮಾತ್ರ ಅದೇ ಹಳೆಯ ಪ್ರಶ್ನೆ. ನಿಯಮ ಬದಲಾದರೂ ಪ್ರಶ್ನೆ ಬದಲಾಗದಿರುವುದಕ್ಕೆ ಕಾರಣ ಅಧಿಕಾರಿಯ ದುರುದ್ದೇಶವಲ್ಲ. ಎರಡು-ಮೂರು ವರ್ಷಕ್ಕೊಮ್ಮೆ ವರ್ಗವಾಗುವ, ಮಂಜೂರಾತಿಯ ಅಧಿಕಾರ ಕೈಯಲ್ಲಿಲ್ಲದ, ಸಾಲ ಕೆಟ್ಟರೆ ವಿವರಣೆ ಕೊಡಬೇಕಾದ ಮ್ಯಾನೇಜರಿಗೆ ಸಾಲಗಾರನನ್ನು ಅರಿಯುವುದರಿಂದ ಏನು ಲಾಭ?

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯ ಸಂಚಾಲಕತ್ವವೂ ಅದರೊಂದಿಗೆ ಕೆನರಾ ಬ್ಯಾಂಕಿಗೆ ಹೋಯಿತು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಹೊಂದಿದವು. ಬ್ಯಾಂಕು ದೊಡ್ಡದಾದಷ್ಟೂ ನಿರ್ಣಯ ದೂರ ಸರಿಯುತ್ತದೆ ಎಂಬ ವರ್ತಕರ ಆತಂಕಕ್ಕೆ ಉತ್ತರ ಕೊಡಬೇಕಾದವರು ಈ ಸಂಸ್ಥೆಗಳೇ. ವಾಣಿಜ್ಯ ಮಂಡಳಿಗಳು ಅವರ ಮುಂದಿಡಬೇಕಾದ ಬೇಡಿಕೆ ಬಡ್ಡಿ ರಿಯಾಯಿತಿಯದಲ್ಲ, ಮತ್ತೊಂದು ಸಾಲಮೇಳದ್ದಂತೂ ಅಲ್ಲ. ಖಾತರಿ ನಿಧಿಯ ರಕ್ಷಣೆಯಿರುವ ಸಣ್ಣ ಸಾಲಗಳ ಮಂಜೂರಾತಿಯನ್ನು ಶಾಖೆಯ ಮ್ಯಾನೇಜರಿಗೇ ಬಿಡುವುದು. ದಾಬಸ್‌ಪೇಟೆ, ದೊಡ್ಡಬಳ್ಳಾಪುರದಂಥ ಕೈಗಾರಿಕಾ ಕೇಂದ್ರಗಳ ಶಾಖೆಗಳಿಗೆ ಯಂತ್ರವನ್ನೂ ಮಗ್ಗವನ್ನೂ ಬಲ್ಲ ಅಧಿಕಾರಿಯನ್ನು ನೇಮಿಸಿ ಐದು ವರ್ಷವಾದರೂ ಅಲ್ಲಿಯೇ ಇರಿಸುವುದು. ಯುಪಿಐ ಮತ್ತು ಜಿಎಸ್‌ಟಿ ದಾಖಲೆಯ ಹನ್ನೆರಡು ತಿಂಗಳ ಏರಿಳಿತವನ್ನು ಅಸ್ಥಿರತೆಯೆಂದು ತಿರಸ್ಕರಿಸದೆ, ಕಂತುಗಳನ್ನು ಆ ಏರಿಳಿತಕ್ಕೆ ಹೊಂದಿಸಿ ನಿಗದಿಪಡಿಸುವುದು. ರೈತನ ಸಾಲಕ್ಕೆ ಬೆಳೆಯ ಕಾಲವನ್ನು ನೋಡಿ ಕಂತು ಕಟ್ಟಿಸಿಕೊಳ್ಳುವ ಪದ್ಧತಿ ಬ್ಯಾಂಕುಗಳಲ್ಲಿ ಈಗಾಗಲೇ ಇದೆ. ಜಾತ್ರೆಯ ವರ್ತಕನಿಗೂ ಬಿಡಿಭಾಗದ ತಯಾರಕನಿಗೂ ಅದನ್ನು ಅನ್ವಯಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಅಗ್ರಣಿ ಬ್ಯಾಂಕ್ ಯೋಜನೆಯಡಿ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಸಮಿತಿಗಳು ನಿಯತವಾಗಿ ಸಭೆ ಸೇರುತ್ತವೆ. ಅಲ್ಲಿ ಗುರಿ-ಸಾಧನೆಯ ಶೇಕಡಾವಾರು ಓದಿ ಮುಗಿಸುವ ಮೊದಲು, ತಿರಸ್ಕೃತವಾದ ಅರ್ಜಿಗಳ ಸಂಖ್ಯೆಯನ್ನೂ ತಿರಸ್ಕಾರದ ಕಾರಣವನ್ನೂ ಶಾಖಾವಾರು ಓದಬೇಕೆಂದು ವರ್ತಕ ಪ್ರತಿನಿಧಿಗಳು ಮುಂದಿನ ಸಭೆಯಲ್ಲಿಯೇ ಕೇಳಬಹುದು.